ಮಿತ ಹಣದಲ್ಲಿ ತುರ್ತುಕಾಲದ ಬಂದೂಕು ಮತ್ತು ತೋಟಾ ದಾಸ್ತಾನು: ಹ್ಯೂಸ್ಟನ್ನಿನ ಓದುಗರಿಗೆ ಉತ್ತರ

ಪ್ರಶ್ನೆ: ನಾವು ಮೂಲತಃ ಕೊಡಗಿನವರು, ಈಗ ಟೆಕ್ಸಸ್‌ನ ಹ್ಯೂಸ್ಟನ್ ನಗರದ ಹೊರವಲಯದಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದೇವೆ. ನನಗೂ ಪತ್ನಿಗೂ ಕಳೆದ ವರ್ಷ ಗ್ರೀನ್ ಕಾರ್ಡ್ ಬಂತು. ಏಳು ಮತ್ತು ಹದಿಮೂರು ವರ್ಷದ ಇಬ್ಬರು ಮಕ್ಕಳಿದ್ದಾರೆ. ಎಚ್-1ಬಿ ವೀಸಾದಲ್ಲಿರುವ ನನ್ನ ತಮ್ಮ ನಮ್ಮೊಂದಿಗೇ ಇದ್ದಾನೆ, ಬೇಸಿಗೆಯಲ್ಲಿ ಅಪ್ಪ-ಅಮ್ಮ ವಿಸಿಟರ್ ವೀಸಾದಲ್ಲಿ ಬಂದು ಇರುತ್ತಾರೆ. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಬಂದಾಗ ನಮ್ಮ ಬಡಾವಣೆಗೆ ವಾರವಿಡೀ ಕರೆಂಟ್ ಇರಲಿಲ್ಲ, ಕತ್ತಲಲ್ಲಿ ಅಪರಿಚಿತರು ಓಡಾಡುತ್ತಿದ್ದಾರೆಂಬ ಸುದ್ದಿಯೂ ಹಬ್ಬಿತ್ತು. ಪಿಸ್ತೂಲು, ಎಆರ್-15 ರೈಫಲ್, 12 ಗೇಜ್ ಶಾಟ್‌ಗನ್ ಮೂರೂ ಇರಬೇಕು, ಒಂದೊಂದಕ್ಕೂ ಸಾವಿರ ತೋಟಾ ಕೂಡಿಡಬೇಕು ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಾವು ತೆಗೆದಿಡಬಹುದಾದ ಹಣ 1,200 ಡಾಲರ್. ಏನು ಕೊಳ್ಳಬೇಕು, ಎಷ್ಟು ಕೂಡಿಡಬೇಕು?

ಉತ್ತರ: ನೇರ ಉತ್ತರವನ್ನು ಮೊದಲೇ ಕೊಡುತ್ತೇನೆ. ನಿಮ್ಮ ಮನೆಗೆ ಒಂದೇ ಬಂದೂಕು ಸಾಕು. ಅದು 20 ಗೇಜಿನ ಪಂಪ್ ಶಾಟ್‌ಗನ್ ಆಗಿರಲಿ (ಗೇಜ್ ಎಂದರೆ ನಳಿಗೆಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು), ತೋಟಾಗಳು ಒಟ್ಟು 250ರ ಆಸುಪಾಸಿನಲ್ಲಿರಲಿ, ಬಂದೂಕು ಮತ್ತು ತೋಟಾ ಎರಡೂ ಸೇರಿ ನಿಮ್ಮ ಹಣದ ಅರ್ಧವನ್ನು ಮೀರದಿರಲಿ. ಉಳಿದ ಅರ್ಧ ಬೀಗಕ್ಕೆ, ತರಬೇತಿಗೆ, ಮತ್ತು ಚಂಡಮಾರುತದಲ್ಲಿ ಜನರನ್ನು ನಿಜವಾಗಿ ಕೊಲ್ಲುವ ಸಂಗತಿಗಳಿಂದ ಕಾಪಾಡುವ ಸಾಮಾನುಗಳಿಗೆ ಹೋಗಬೇಕು. ಈ ತೀರ್ಮಾನಕ್ಕೆ ಹೇಗೆ ಬಂದೆ ಎಂಬುದನ್ನು ವಿವರಿಸುವ ಮೊದಲು, ನಿಮ್ಮ ಪತ್ರದಲ್ಲಿ ನೀವು ಸಹಜವಾಗಿ ಹೇಳಿಬಿಟ್ಟಿರುವ, ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಒಂದು ವಿಷಯವನ್ನು ಎತ್ತಿಕೊಳ್ಳಬೇಕು: ಆ ಮನೆಯಲ್ಲಿ ಯಾರು ಯಾರು ಯಾವ ವೀಸಾದಲ್ಲಿ ಇದ್ದಾರೆ ಎಂಬುದು.

ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಗ್ರೀನ್ ಕಾರ್ಡ್ ಇರುವವರು, ಬೇರೆ ಯಾವ ನಿಷೇಧವೂ ಅನ್ವಯಿಸದಿದ್ದರೆ, ನಾಗರಿಕರಂತೆಯೇ ಬಂದೂಕು ಕೊಳ್ಳಬಹುದು. ಪರವಾನಗಿ ಪಡೆದ ಅಂಗಡಿಯಲ್ಲಿ ಶಾಟ್‌ಗನ್ ಮತ್ತು ರೈಫಲ್‌ಗಳಿಗೆ 18, ಪಿಸ್ತೂಲಿಗೆ 21 ವರ್ಷ ತುಂಬಿರಬೇಕು. ಅಂಗಡಿಯಲ್ಲಿ 4473 ಎಂಬ ಸಂಖ್ಯೆಯ ಫಾರಂ ತುಂಬಿಸುತ್ತಾರೆ, ಎಫ್‌ಬಿಐ 1998ರಿಂದ ನಡೆಸುತ್ತಿರುವ ಹಿನ್ನೆಲೆ ಪರಿಶೀಲನೆ ಅಲ್ಲಿಯೇ ನಡೆಯುತ್ತದೆ. ಗ್ರೀನ್ ಕಾರ್ಡ್ ಮತ್ತು ಈಗಿನ ವಿಳಾಸವಿರುವ ಟೆಕ್ಸಸ್ ಡ್ರೈವಿಂಗ್ ಲೈಸೆನ್ಸ್ ಎರಡನ್ನೂ ಒಯ್ಯಿರಿ. ಮನೆ ಬದಲಿಸಿದ ಮೇಲೆ ಲೈಸೆನ್ಸಿನಲ್ಲಿ ವಿಳಾಸ ಬದಲಿಸದ ಕಾರಣಕ್ಕೆ ಬರಿಗೈಯಲ್ಲಿ ಹಿಂತಿರುಗಿದ ನಮ್ಮವರು ಸಾಕಷ್ಟು ಮಂದಿ ಇದ್ದಾರೆ. ಟೆಕ್ಸಸ್‌ನಲ್ಲಿ ಕೊಳ್ಳಲು ರಾಜ್ಯದ ಪರವಾನಗಿ ಬೇಕಿಲ್ಲ, ಕಾಯುವ ಅವಧಿಯೂ ಇಲ್ಲ. ಕ್ಯಾಲಿಫೋರ್ನಿಯದಲ್ಲಿ ಹತ್ತು ದಿನ ಕಾಯಬೇಕು, ನ್ಯೂಜೆರ್ಸಿ ಮತ್ತು ಇಲಿನಾಯ್‌ಗಳಲ್ಲಿ ಮೊದಲು ರಾಜ್ಯದ ಗುರುತಿನ ಚೀಟಿ ಪಡೆಯಬೇಕು. ಆದ್ದರಿಂದ ಈ ಉತ್ತರದ ಕಾನೂನಿನ ಭಾಗವನ್ನು ಆ ರಾಜ್ಯಗಳ ಓದುಗರು ತಮಗೆ ಹಾಗೆಯೇ ಅನ್ವಯಿಸಿಕೊಳ್ಳಬಾರದು.

ನಿಮ್ಮ ತಮ್ಮನ ವಿಷಯ ಬೇರೆ. ಎಚ್-1ಬಿ, ಎಚ್-4, ಎಲ್-1, ವಿದ್ಯಾರ್ಥಿ ವೀಸಾ, ವಿಸಿಟರ್ ವೀಸಾ ಇವೆಲ್ಲ ತಾತ್ಕಾಲಿಕ ವೀಸಾಗಳು. ಇಂಥ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದು ಕೇಂದ್ರ ಕಾನೂನಿನಲ್ಲಿ ಗಂಭೀರ ಅಪರಾಧ. ತೋಟಾವೂ ಇದರಲ್ಲಿ ಸೇರಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದವರಿಗೆ ಒಂದು ವಿನಾಯಿತಿ ಇದೆ, ಟೆಕ್ಸಸ್‌ನಲ್ಲಿ ಕೆಲವರು ಅದನ್ನು ಬಳಸಿಕೊಳ್ಳುವುದೂ ಉಂಟು. ಆದರೆ ವಲಸೆ ವಕೀಲರನ್ನು ಕೇಳದೆ ಅದನ್ನು ನೆಚ್ಚಬೇಡಿ. ಬಂದೂಕಿನ ಅಪರಾಧದಲ್ಲಿ ಶಿಕ್ಷೆಯಾದ ವಿದೇಶಿಯರನ್ನು ದೇಶದಿಂದ ಹೊರಹಾಕಲು ವಲಸೆ ಕಾನೂನಿನಲ್ಲಿ ಪ್ರತ್ಯೇಕ ಅವಕಾಶವಿದೆ, ಅದರಿಂದ ಗ್ರೀನ್ ಕಾರ್ಡ್ ಇರುವವರಿಗೂ ರಕ್ಷಣೆ ಇಲ್ಲ. ಇನ್ನು, ತಮ್ಮನಿಗಾಗಿ ಅಣ್ಣ ತನ್ನ ಹೆಸರಿನಲ್ಲಿ ಕೊಂಡುಕೊಡುವ ಯೋಚನೆಯನ್ನು ಮನಸ್ಸಿನಲ್ಲಿಯೂ ತರಬಾರದು. ಇನ್ನೊಬ್ಬರ ಪರವಾಗಿ ಸುಳ್ಳು ಹೇಳಿ ಕೊಳ್ಳುವುದಕ್ಕೆ 2022ರ ಕೇಂದ್ರ ಕಾನೂನು 15 ವರ್ಷದವರೆಗಿನ ಸೆರೆವಾಸವನ್ನು ನಿಗದಿಪಡಿಸಿದೆ.

ನಿಮ್ಮದೇ ಹೆಸರಿನ ಬಂದೂಕಾದರೂ ಅದೇ ಮನೆಯಲ್ಲಿ ವಾಸಿಸುವ ತಮ್ಮನಿಗೆ ತೊಂದರೆಯಾಗಬಹುದೇ? ಆಗಬಹುದು. ವಸ್ತುವನ್ನು ಕೈಯಲ್ಲಿ ಹಿಡಿಯದೆಯೂ ಅದರ ಮೇಲೆ ಹತೋಟಿ ನಡೆಸುವ ಸಾಮರ್ಥ್ಯ ಮತ್ತು ಉದ್ದೇಶ ಇರುವವರನ್ನು ಇಲ್ಲಿನ ನ್ಯಾಯಾಲಯಗಳು ಅದನ್ನು ಹೊಂದಿದವರೆಂದೇ ಪರಿಗಣಿಸಬಲ್ಲವು. ಹಾಗಾಗಿ ಪೆಟ್ಟಿಗೆಯ ಕೀಲಿ ಅಥವಾ ಗುಪ್ತಸಂಖ್ಯೆ ನಿಮಗೂ ಪತ್ನಿಗೂ ಮಾತ್ರ ಗೊತ್ತಿರಲಿ, ತಮ್ಮನ ಕೋಣೆಯಲ್ಲಾಗಲಿ ಅವನ ಕಾರಿನಲ್ಲಾಗಲಿ ಒಂದು ತೋಟಾ ಕೂಡ ಇರದಿರಲಿ. ಬೇಸಿಗೆಯಲ್ಲಿ ಬರುವ ಅಪ್ಪ-ಅಮ್ಮನಿಗೂ ಇದೇ ನಿಯಮ. ಊರಿನಲ್ಲಿ ಜೀವಮಾನವಿಡೀ ಕೋವಿ ಹಿಡಿದ ನಿಮ್ಮ ತಂದೆ ಇಲ್ಲಿ ಅದನ್ನು ಒರೆಸಿಕೊಡುತ್ತೇನೆಂದು ಕೈಗೆ ತೆಗೆದುಕೊಳ್ಳುವುದೂ ಬೇಡ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೂ ಭಾರತ ಸರ್ಕಾರ ನೀಡುತ್ತ ಬಂದಿರುವ ಲೈಸೆನ್ಸ್ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಲಾಗಿದೆ, ಆದರೆ ಆ ಪರಂಪರೆಗೆ ಇಲ್ಲಿನ ಕಾನೂನಿನ ಮುಂದೆ ಯಾವ ಬೆಲೆಯೂ ಇಲ್ಲ. ಇದನ್ನು ಹಿರಿಯರಿಗೆ ಬಂದ ದಿನವೇ ತಿಳಿಸಿ ಹೇಳುವುದು ಒಳ್ಳೆಯದು.

ಈಗ ಬಂದೂಕಿನ ಆಯ್ಕೆಗೆ ಬರೋಣ. ನಿಮ್ಮ ಸಹೋದ್ಯೋಗಿಗಳು ಹೇಳಿದ ಮೂರರಲ್ಲಿ ಒಂದೂ ಕೆಟ್ಟ ಆಯ್ಕೆಯಲ್ಲ, ಆದರೆ ಮೂರನ್ನೂ ಕೊಂಡರೆ ಹಣವೆಲ್ಲ ಕಬ್ಬಿಣಕ್ಕೇ ಮುಗಿದು, ಕಲಿಯಲು ಏನೂ ಉಳಿಯುವುದಿಲ್ಲ. ಪಿಸ್ತೂಲಿನ ಒಂದು ಗುಣ ಅದರ ತೋಟಾ ಅಗ್ಗ ಎಂಬುದು. 9 ಎಂಎಂ ತೋಟಾ ಮಾರುಕಟ್ಟೆ ಶಾಂತವಾಗಿರುವಾಗ ಒಂದಕ್ಕೆ 20ರಿಂದ 25 ಸೆಂಟಿಗೆ ಸಿಗುತ್ತದೆ. ಪೊಲೀಸ್ ಇಲಾಖೆಗಳು ಬದಲಿಸಿ ಬಿಟ್ಟ ಹಳೆಯ ಗ್ಲಾಕ್ ಅಥವಾ ಸ್ಮಿತ್ ಅಂಡ್ ವೆಸ್ಸನ್ ಪಿಸ್ತೂಲುಗಳೂ 300-400 ಡಾಲರಿಗೆ ದೊರೆಯುತ್ತವೆ. ಆದರೆ ಮೂರೂ ಬಗೆಯಲ್ಲಿ ಸರಿಯಾಗಿ ಗುರಿ ಹೊಡೆಯಲು ಅತ್ಯಂತ ಕಷ್ಟವಾದದ್ದು ಪಿಸ್ತೂಲೇ. ಅದಕ್ಕಿಂತ ಮುಖ್ಯವಾಗಿ, ಅದು ಕೈಚೀಲಕ್ಕೆ, ಕಾರಿನ ಡ್ರಾಯರಿಗೆ, ಹಾಸಿಗೆಯ ಪಕ್ಕದ ಮೇಜಿಗೆ ಸುಲಭವಾಗಿ ಸರಿದುಹೋಗುವ ವಸ್ತು. ಕಾರಿನಿಂದ ಕದ್ದುಹೋಗುವುದೂ, ಮಕ್ಕಳ ಕೈಗೆ ಸಿಗುವುದೂ ಬಹುಪಾಲು ಇಂಥದ್ದೇ. ಉದ್ದ ಬಂದೂಕು ಇಟ್ಟಲ್ಲೇ ಇರುತ್ತದೆ. ಮಕ್ಕಳಿರುವ, ಬಂದುಹೋಗುವವರಿರುವ ನಿಮ್ಮ ಮನೆಗೆ ಈ ಒಂದು ಗುಣವೇ ನನ್ನ ತೀರ್ಮಾನವನ್ನು ಬಹುಮಟ್ಟಿಗೆ ನಿರ್ಧರಿಸಿತು. ಎಆರ್-15 ಹಗುರ, ಹೊಡೆದಾಗ ಹೆಗಲಿಗೆ ಬರುವ ಒದೆತ ಕಡಿಮೆ, ಗುರಿ ಸುಲಭ. ಆದರೆ ಅದಕ್ಕೆ ಹೊಂದುವ, ಗುರಿ ನೋಡುವ ದರ್ಶಕ, ಮ್ಯಾಗಜೀನುಗಳು, ಪಿಸ್ತೂಲಿನದಕ್ಕಿಂತ ದುಬಾರಿ ತೋಟಾ ಎಲ್ಲ ಸೇರಿಸಿದರೆ ನಿಮ್ಮ ಹಣ ಅಲ್ಲಿಗೇ ತೀರುತ್ತದೆ.

ಶಾಟ್‌ಗನ್ ನಿಮಗೆ ಹೊಸದೇನಲ್ಲ. ಊರಿನ ಜೋಡಿ ನಳಿಗೆಯ ತೋಟಾ ಕೋವಿಯ ಬಂಧುವೇ ಇದು. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಸಾಲಾಗಿ ಕುಳಿತಿರುತ್ತವೆ. ಮುಂಗೈ ಹಿಡಿಯನ್ನು ಹಿಂದಕ್ಕೆ ಎಳೆದಾಗ ಸುಟ್ಟ ತೋಟಾ ಹೊರಬೀಳುತ್ತದೆ, ಮುಂದಕ್ಕೆ ತಳ್ಳಿದಾಗ ಹೊಸದು ನಳಿಗೆಯೊಳಗೆ ಏರುತ್ತದೆ. ಹೊಸಬರು ಗಾಬರಿಯಲ್ಲಿ ಪೂರ್ತಿ ಎಳೆಯದೆ ಅರ್ಧಕ್ಕೇ ತಳ್ಳಿಬಿಡುತ್ತಾರೆ, ಆಗ ಟ್ರಿಗರ್ ಒತ್ತಿದರೆ ಬರಿಯ ಟಕ್ ಎಂಬ ಸದ್ದು ಬರುತ್ತದೆ. ಈ ತಪ್ಪನ್ನು ತಿದ್ದುವುದಕ್ಕೆ ಅಭ್ಯಾಸ ಬಿಟ್ಟು ಬೇರೆ ದಾರಿಯಿಲ್ಲ. ಮಾಸ್‌ಬರ್ಗ್ 500 ಮತ್ತು ಅದೇ ಕಂಪನಿಯ ಅಗ್ಗದ ಮಾದರಿಯಾದ ಮ್ಯಾವರಿಕ್ 88 ಹೊಸದಾಗಿಯೇ ಸುಮಾರು 250ರಿಂದ 450 ಡಾಲರ್ ಒಳಗೆ ಸಿಗುತ್ತವೆ, ಎರಡೂ ದಶಕಗಳಿಂದ ಪಳಗಿದ ಯಂತ್ರಗಳು.

ಗೇಜ್ 12 ಇರಲಿ ಎಂದು ಅಂಗಡಿಯವರು ಖಂಡಿತ ಹೇಳುತ್ತಾರೆ. ಅವರ ವಾದದಲ್ಲಿ ಹುರುಳಿದೆ: 12 ಗೇಜಿನ ತೋಟಾ ಎಲ್ಲೆಡೆ ಸಿಗುತ್ತದೆ, ಬಗೆಗಳೂ ಹೆಚ್ಚು. ಆದರೂ ನಾನು 20 ಗೇಜನ್ನೇ, ಅದರಲ್ಲೂ ಹೆಗಲಿಗೆ ಆನಿಸುವ ಹಿಡಿ ಗಿಡ್ಡವಾಗಿರುವ ಮಾದರಿಯನ್ನೇ ಸೂಚಿಸುತ್ತೇನೆ, ಏಕೆಂದರೆ ಈ ಬಂದೂಕು ನಿಮ್ಮ ಪತ್ನಿಯದೂ ಹೌದು. ಐದೂಕಾಲು ಅಡಿ ಎತ್ತರದವರು ಪೂರ್ಣಗಾತ್ರದ 12 ಗೇಜನ್ನು ತೋಳು ಚಾಚಿ ಹಿಡಿದು ಹತ್ತು ಈಡು ಹೊಡೆದರೆ ಹೆಗಲು ಕಂದುತ್ತದೆ, ಮುಂದಿನ ಸಲ ರೇಂಜಿಗೆ, ಅಂದರೆ ಗುರಿ ಅಭ್ಯಾಸದ ಜಾಗಕ್ಕೆ, ಬರಲು ಮನಸ್ಸೇ ಇರುವುದಿಲ್ಲ. ಅಭ್ಯಾಸಕ್ಕೆ ಬೇಸರ ತರುವ ಬಂದೂಕು ಎಷ್ಟು ಅಗ್ಗಕ್ಕೆ ಸಿಕ್ಕರೂ ನಷ್ಟವೇ. ಗಿಡ್ಡ ಹಿಡಿಯ ಬಂದೂಕನ್ನು ಎತ್ತರದವರು ಕೊಂಚ ಹೊಂದಿಕೊಂಡು ಹಿಡಿಯಬಹುದು, ಉದ್ದ ಹಿಡಿಯದನ್ನು ಗಿಡ್ಡವರು ಹಿಡಿಯಲಾರರು. 20 ಗೇಜಿನ 3ನೇ ನಂಬರ್ ಬಕ್‌ಶಾಟ್ ತೋಟಾದಲ್ಲಿ ಸಾಮಾನ್ಯವಾಗಿ ಇಪ್ಪತ್ತು ದಪ್ಪ ಚರೆಗಳಿರುತ್ತವೆ, ಒಂದು ಕೋಣೆಯ ಅಳತೆಗೆ ಅದು ಬೇಕಾದಷ್ಟಾಯಿತು.

ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕು. 20 ಗೇಜಿನ ತೋಟಾ ಹಳದಿ ಬಣ್ಣದಲ್ಲಿರುವುದು ಅಂದಕ್ಕಾಗಿ ಅಲ್ಲ. ಅದು 12 ಗೇಜಿನ ಬಂದೂಕಿಗೆ ಅಪ್ಪಿತಪ್ಪಿ ಬಿದ್ದರೆ ಒಳಗೆ ಜಾರಿ ನಳಿಗೆಯ ಮುಂಭಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದವರಿಗೆ ನಳಿಗೆ ಖಾಲಿಯಿರುವಂತೆ ಕಾಣುತ್ತದೆ, ಅವರು 12ರ ತೋಟಾ ತುಂಬಿ ಹೊಡೆದರೆ ನಳಿಗೆ ಎಡಗೈ ಹಿಡಿದಿರುವ ಜಾಗದಲ್ಲೇ ಸಿಡಿಯುತ್ತದೆ. ಮನೆಯಲ್ಲಿ ಒಂದೇ ಗೇಜಿನ ತೋಟಾ ಇರಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಹಣಕ್ಕಿಂತ ಮುಖ್ಯ ಕಾರಣ ಇದು. 12 ಗೇಜ್ ಇರುವ ಗೆಳೆಯರೊಂದಿಗೆ ರೇಂಜಿಗೆ ಹೋದರೆ ಇಬ್ಬರ ತೋಟಾಗಳೂ ಒಂದೇ ಮೇಜಿನ ಮೇಲೆ ಇರಬಾರದು, ಒಂದೇ ಜೇಬಿಗಂತೂ ಬೀಳಲೇಬಾರದು.

ಶಾಟ್‌ಗನ್ ಬಗ್ಗೆ ಎರಡು ತಪ್ಪು ನಂಬಿಕೆಗಳು ಇಲ್ಲಿ ಬೇರೂರಿವೆ. ಗುರಿಯಿಡುವ ಅಗತ್ಯವಿಲ್ಲ, ಚರೆ ಹರಡಿಕೊಂಡು ತಾನೇ ತಗಲುತ್ತದೆ ಎಂಬುದು ಮೊದಲನೆಯದು. ಸ್ಥೂಲವಾಗಿ ಹೇಳುವುದಾದರೆ ಚರೆ ಒಂದು ಗಜ ದೂರಕ್ಕೆ ಒಂದು ಅಂಗುಲದಷ್ಟು ಹರಡುತ್ತದೆ, ಐದು ಗಜದ ಕೋಣೆಯಲ್ಲಿ ಅದು ಅಂಗೈಗಿಂತ ದೊಡ್ಡದಾಗುವುದಿಲ್ಲ. ಗೋಡೆ ದಾಟುವುದಿಲ್ಲ ಎಂಬುದು ಎರಡನೆಯದು. ಅಮೆರಿಕದ ಮನೆಗಳ ಒಳಗೋಡೆಗಳು ಅರ್ಧ ಅಂಗುಲ ದಪ್ಪದ ಜಿಪ್ಸಮ್ ಹಲಗೆಯವು, ಕೊಡಗಿನ ಮನೆಯ ಗೋಡೆಗಳಂತಲ್ಲ. ಬಕ್‌ಶಾಟ್ ಅಂಥ ಎರಡು-ಮೂರು ಗೋಡೆಗಳನ್ನು ದಾಟಿ ಹೋಗುತ್ತದೆ, ಪಿಸ್ತೂಲಿನ ಗುಂಡೂ ಹಾಗೆಯೇ. ಆದ್ದರಿಂದ ಬಂದೂಕು ಕೊಳ್ಳುವ ಮೊದಲೇ ಒಂದು ಸಂಜೆ ನೀವಿಬ್ಬರೂ ಮನೆಯೊಳಗೆ ನಡೆದು ನೋಡಿ: ಮಕ್ಕಳ ಮಂಚಗಳು ಯಾವ ಗೋಡೆಯ ಆಚೆಗಿವೆ, ಪಕ್ಕದ ಮನೆಯ ಕಿಟಕಿ ಯಾವ ದಿಕ್ಕಿನಲ್ಲಿದೆ, ಯಾವ ಮೂಲೆಯಲ್ಲಿ ನಿಂತರೆ ಬೆನ್ನ ಹಿಂದೆ ಮಕ್ಕಳಿದ್ದು ಎದುರಿಗೆ ಇಟ್ಟಿಗೆಯ ಹೊರಗೋಡೆ ಮಾತ್ರ ಇರುತ್ತದೆ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಮಕ್ಕಳನ್ನು ಒಂದು ಕೋಣೆಗೆ ಸೇರಿಸಿ, ಬಾಗಿಲು ಭದ್ರಪಡಿಸಿ, 911ಕ್ಕೆ ಫೋನ್ ಮಾಡಿ ಅಲ್ಲಿಯೇ ಉಳಿಯುವುದೇ ಸರಿಯಾದ ಯೋಜನೆ. ಸದ್ದು ಬಂದ ಕಡೆ ಬಂದೂಕು ಹಿಡಿದು ಹುಡುಕಿಕೊಂಡು ಹೋದರೆ, ರಾತ್ರಿ ತಡವಾಗಿ ಕೆಲಸದಿಂದ ಬರುವ ನಿಮ್ಮ ತಮ್ಮನೇ ಎದುರಾಗಬಹುದು.

ಇನ್ನು ತೋಟಾ ದಾಸ್ತಾನು. ಅಮೆರಿಕದ ಜನ ತೋಟಾ ಕೂಡಿಡುವುದಕ್ಕೆ ಒಂದು ನಿಜವಾದ ಕಾರಣವಿದೆ, ಅದನ್ನು ಅರ್ಥ ಮಾಡಿಕೊಂಡರೆ ಎಷ್ಟು ಬೇಕೆಂಬುದು ತಾನೇ ಸ್ಪಷ್ಟವಾಗುತ್ತದೆ. ಇಲ್ಲಿ ಕೆಲವು ವರ್ಷಗಳಿಗೊಮ್ಮೆ ತೋಟಾದ ಬರ ಬರುತ್ತದೆ. 2012ರ ಕೊನೆಯ ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡದ ನಂತರ ಕಾನೂನು ಬಿಗಿಯಾಗುತ್ತದೆಂಬ ಊಹೆಯಲ್ಲಿ ಜನ ಮುಗಿಬಿದ್ದು, ಅತ್ಯಂತ ಅಗ್ಗವಾದ .22 ತೋಟಾ ಕೂಡ ಒಂದೆರಡು ವರ್ಷ ಅಂಗಡಿಗಳಲ್ಲಿ ಕಾಣಿಸಲಿಲ್ಲ. 2020ರಲ್ಲಿ ಸಾಂಕ್ರಾಮಿಕ, ಬೀದಿ ಗಲಭೆ, ಚುನಾವಣೆ ಮೂರೂ ಒಟ್ಟಿಗೆ ಬಂದಾಗ ಎಫ್‌ಬಿಐ ನಡೆಸಿದ ಹಿನ್ನೆಲೆ ಪರಿಶೀಲನೆಗಳ ಸಂಖ್ಯೆ 3.9 ಕೋಟಿಯನ್ನು ದಾಟಿತು. ಇಪ್ಪತ್ತು ಸೆಂಟಿನ 9 ಎಂಎಂ ತೋಟಾ ಅರವತ್ತು-ಎಪ್ಪತ್ತು ಸೆಂಟಿಗೆ ಏರಿ 2021ರಲ್ಲೂ ಇಳಿಯಲಿಲ್ಲ. ಆ ದಿನಗಳಲ್ಲಿ ಕಷ್ಟಕ್ಕೆ ಸಿಕ್ಕವರು ಹೊಸದಾಗಿ ಬಂದೂಕು ಕೊಂಡು ಅಭ್ಯಾಸಕ್ಕೆ ಒಂದು ಪೆಟ್ಟಿಗೆ ತೋಟಾ ಸಿಗದೆ ಹೋದವರು. ಅಂದರೆ ದಾಸ್ತಾನು ಇರಬೇಕಾದದ್ದು ಬರದ ಕಾಲದಲ್ಲೂ ಅಭ್ಯಾಸ ನಿಲ್ಲದಿರಲು. ಮನೆಯ ಬಾಗಿಲಲ್ಲಿ ಸಾವಿರಾರು ಸುತ್ತು ಹಾರಿಸುವ ಸನ್ನಿವೇಶ ಬೆರಿಲ್‌ನಲ್ಲಿ ಬರಲಿಲ್ಲ, ಅದಕ್ಕೂ ಹಿಂದೆ 2017ರಲ್ಲಿ ಹಾರ್ವೆ ಚಂಡಮಾರುತ ನಗರವನ್ನೇ ಮುಳುಗಿಸಿದಾಗಲೂ ಬರಲಿಲ್ಲ.

ಹೀಗಾಗಿ ನನ್ನ ಅಳತೆ ಒಂದು ವರ್ಷದ ಅಭ್ಯಾಸದ ಮೇಲೆ ನಿಂತಿದೆ. ಎರಡು ತಿಂಗಳಿಗೊಮ್ಮೆ ಇಬ್ಬರೂ ಸೇರಿ ಸಣ್ಣ ಚರೆಯ ತೋಟಾಗಳ ಒಂದು ಪೆಟ್ಟಿಗೆ, ಅಂದರೆ 25 ಈಡು ಹೊಡೆದರೆ ವರ್ಷಕ್ಕೆ 150 ಬೇಕು. ಕೈಗೆ ಉಳಿಯಲೆಂದು ಇನ್ನೆರಡು ಪೆಟ್ಟಿಗೆ ಇರಲಿ. ಬಕ್‌ಶಾಟ್ 50 ಸಾಕು, ಅದರಲ್ಲಿ ಕಾಲುಭಾಗವನ್ನಾದರೂ ಮೊದಲ ತಿಂಗಳಲ್ಲೇ ಹೊಡೆದು ನಿಮ್ಮ ಬಂದೂಕಿನಲ್ಲಿ ಚರೆ ಹೇಗೆ ಹರಡುತ್ತದೆ ಎಂಬುದನ್ನು ಕಾಗದದ ಮೇಲೆ ನೋಡಬೇಕು, ಖರ್ಚಾದಷ್ಟನ್ನು ಮತ್ತೆ ತುಂಬಬೇಕು. ಸಣ್ಣ ಚರೆಯದು ಒಂದಕ್ಕೆ ಸುಮಾರು 40 ಸೆಂಟ್, ಬಕ್‌ಶಾಟ್ ಒಂದು ಡಾಲರಿಗೂ ಮೇಲೆ. ಒಟ್ಟು 150 ಡಾಲರಿನಲ್ಲಿ ಮುಗಿಯುತ್ತದೆ. ಎಲ್ಲವನ್ನೂ ಒಂದೇ ದಿನ ಕೊಳ್ಳುವ ಅಗತ್ಯವೂ ಇಲ್ಲ. ಪ್ರತಿ ಸಲ ರೇಂಜಿಗೆ ಹೋಗುವಾಗ ಒಂದು ಪೆಟ್ಟಿಗೆ ಖರ್ಚು ಮಾಡಿ ಎರಡು ಪೆಟ್ಟಿಗೆ ತನ್ನಿ. ಚುನಾವಣೆಯ ಹಿಂದುಮುಂದಿನ ತಿಂಗಳುಗಳಲ್ಲಿ, ಚಂಡಮಾರುತದ ಮುನ್ಸೂಚನೆ ಬಂದ ವಾರದಲ್ಲಿ ಏನನ್ನೂ ಕೊಳ್ಳಬೇಡಿ. ಕೊಡಗಿನ ಕಾಡು ಕಂಡವರಿಗೆ ಹಿತವೆನಿಸಬಹುದಾದ ಒಂದು ಮಾತು: 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಡಿ ಉದ್ದ ಬಂದೂಕು ಮತ್ತು ತೋಟಾಗಳ ಮೇಲೆ ಶೇ 11ರ ಕೇಂದ್ರ ಸುಂಕ ಬೆಲೆಯಲ್ಲೇ ಸೇರಿರುತ್ತದೆ, ಆ ಹಣ ರಾಜ್ಯಗಳ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ.

ಗನ್ ಷೋಗಳಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಮಾರುವ, ಯಾರೋ ಮನೆಯಲ್ಲಿ ಮರುತುಂಬಿದ ತೋಟಾಗಳು ಎಷ್ಟೇ ಅಗ್ಗವಿದ್ದರೂ ಬೇಡ. ಒಳಗೆ ಎಷ್ಟು ಮದ್ದಿದೆ ಎಂಬುದು ತುಂಬಿದವರಿಗೆ ಮಾತ್ರ ಗೊತ್ತು, ಕೆಲವೊಮ್ಮೆ ಅವರಿಗೂ ಗೊತ್ತಿರುವುದಿಲ್ಲ. ಖಾಲಿ ನಳಿಗೆಯಲ್ಲಿ ಹುಸಿ ತೋಟಾ ಬಳಸಿ ಮಾಡುವ ಅಭ್ಯಾಸಕ್ಕೆ ಖರ್ಚೇ ಇಲ್ಲ, ಪಂಪ್ ಎಳೆಯುವ ಕೈ ಪಳಗುವುದು ಅಲ್ಲಿಯೇ. ಅದನ್ನು ಮಾಡುವಾಗ ನಿಜವಾದ ತೋಟಾಗಳು ಆ ಕೋಣೆಯಲ್ಲೇ ಇರಬಾರದು, ಮಕ್ಕಳು ಮನೆಯಲ್ಲಿರದ ವೇಳೆಯನ್ನೇ ಆರಿಸಿಕೊಳ್ಳಿ.

ಇಡುವ ವಿಧಾನದಲ್ಲಿ ಹ್ಯೂಸ್ಟನ್ನಿನ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಇಲ್ಲಿ ಬಹುತೇಕರು ತೋಟಾವನ್ನು ಗ್ಯಾರೇಜಿನಲ್ಲೋ ಅಟ್ಟದ ಮೇಲೋ ಇಡುತ್ತಾರೆ, ಇಡಬಾರದ ಜಾಗಗಳೆಂದರೆ ಅವೇ. ಟೆಕ್ಸಸ್‌ನ ಬೇಸಿಗೆಯಲ್ಲಿ ಅಟ್ಟದ ಉಷ್ಣತೆ 55 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಅಂಥ ಕಾವು ವರ್ಷಗಟ್ಟಲೆ ಬಿದ್ದರೆ ಮದ್ದು ಕೆಡುತ್ತದೆ. ಪಿಸ್ತೂಲು-ರೈಫಲ್‌ಗಳ ಹಿತ್ತಾಳೆ ತೋಟಾದಲ್ಲಿ ಗುಂಡು ಬಿಗಿಯಾಗಿ ಕೂತಿರುತ್ತದೆ, ಶಾಟ್‌ಗನ್ ತೋಟಾದ ಬಾಯಿ ಪ್ಲಾಸ್ಟಿಕ್ಕಿನ ಮಡಿಕೆ ಮಾತ್ರ, ಆದ್ದರಿಂದ ತೇವದ ಹೆದರಿಕೆ ಇದಕ್ಕೇ ಹೆಚ್ಚು. ಎ.ಸಿ. ಇರುವ ಕೋಣೆಯ ಕಪಾಟಿನಲ್ಲಿ, ಸಾಧ್ಯವಿದ್ದರೆ ಮೇಲಂತಸ್ತಿನಲ್ಲಿ, ಅಂಚಿಗೆ ರಬ್ಬರ್ ಪಟ್ಟಿಯಿರುವ ಸೈನ್ಯದ ಮಾದರಿಯ ಕಬ್ಬಿಣದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣವಿಟ್ಟು ಮುಚ್ಚಿಡಿ. ಕಾರ್ಖಾನೆಯ ರಟ್ಟಿನ ಪೆಟ್ಟಿಗೆಯಿಂದ ಹೊರತೆಗೆದು ಸುರಿಯಬೇಡಿ. ತಯಾರಿಕೆಯಲ್ಲಿ ದೋಷ ಕಂಡು ಕಂಪನಿ ವಾಪಸು ಕೇಳಿದರೆ, ಆ ಪೆಟ್ಟಿಗೆಯ ಮೇಲಿನ ತಯಾರಿಕೆಯ ಬ್ಯಾಚ್ ಸಂಖ್ಯೆ ನೋಡಿಯೇ ನಿಮ್ಮದು ಅದರಲ್ಲಿ ಸೇರಿದೆಯೇ ಎಂದು ತಿಳಿಯಬೇಕು. ಪೆಟ್ಟಿಗೆಯ ಮೇಲೆ ಕೊಂಡ ತಿಂಗಳನ್ನು ಬರೆದು, ಹಳೆಯದನ್ನು ಮೊದಲು ಬಳಸಿ. ಹೀಗೆ ಇಟ್ಟ ಕಾರ್ಖಾನೆಯ ತೋಟಾ ದಶಕಗಳ ಕಾಲ ಕೆಡುವುದಿಲ್ಲ.

ಪ್ರವಾಹದಲ್ಲಿ ಮುಳುಗಿದ ತೋಟಾಗಳನ್ನು ಒಣಗಿಸಿ ಬಳಸುವ ಪ್ರಯತ್ನ ಹಾರ್ವೆಯ ನಂತರ ಇಲ್ಲಿ ಎಷ್ಟೋ ಮನೆಗಳಲ್ಲಿ ನಡೆಯಿತು. ತೋಟಾ ತಯಾರಕರ ಸಂಸ್ಥೆಯಾದ ಸಾಮಿ ಇದನ್ನು ಸ್ಪಷ್ಟವಾಗಿ ಬೇಡವೆನ್ನುತ್ತದೆ. ಮದ್ದು ಅರೆಬರೆ ಉರಿದರೆ ಚರೆಯ ಹಿಂದಿನ ಬೆಣೆ ನಳಿಗೆಯೊಳಗೇ ಸಿಕ್ಕಿಕೊಳ್ಳಬಹುದು, ಅದರ ಮೇಲೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸಿಡಿಯುತ್ತದೆ. ಮುಳುಗಿದ ತೋಟಾವನ್ನು ಕಸಕ್ಕೆ ಹಾಕದೆ, ಸ್ಥಳೀಯ ಪೊಲೀಸರಿಗೆ ಫೋನ್ ಮಾಡಿ ಎಲ್ಲಿ ಒಪ್ಪಿಸಬೇಕೆಂದು ಕೇಳಿ. ಮುಳುಗಿದ ಬಂದೂಕನ್ನು ಗನ್‌ಸ್ಮಿತ್ (ಬಂದೂಕು ದುರಸ್ತಿ ಮಾಡುವವರು) ಬಿಚ್ಚಿ ನೋಡುವವರೆಗೆ ಬಳಸಬೇಡಿ. ದಾಸ್ತಾನು ಚಿಕ್ಕದಾಗಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಸಾವಿರ 9 ಎಂಎಂ ತೋಟಾ ಸುಮಾರು 12 ಕಿಲೋ, ಶಾಟ್‌ಗನ್ ತೋಟಾಗಳು ಅದಕ್ಕಿಂತಲೂ ಬಹಳ ಭಾರ. 2005ರಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ಹ್ಯೂಸ್ಟನ್ನಿನ ಜನ ಒಮ್ಮೆಗೇ ಹೊರಟು ಹೆದ್ದಾರಿಗಳಲ್ಲಿ ಸಿಕ್ಕಿಕೊಂಡಾಗ ನೂರಕ್ಕೂ ಹೆಚ್ಚು ಮಂದಿ ಸತ್ತರು, ಬಹುಪಾಲು ಸಾವುಗಳಿಗೆ ಗಾಳಿಯಾಗಲಿ ಮಳೆಯಾಗಲಿ ಕಾರಣವಾಗಿರಲಿಲ್ಲ, ಆ ಪ್ರಯಾಣವೇ ಕಾರಣವಾಗಿತ್ತು. ಅಂಥ ಹೊತ್ತಿನಲ್ಲಿ ಕಾರಿನಲ್ಲಿ ಬೇಕಾಗುವುದು ನೀರು.

ವಿಪತ್ತಿನ ವೇಳೆ ಸರ್ಕಾರ ಬಂದೂಕು ಕಿತ್ತುಕೊಳ್ಳುತ್ತದೆ, ಆದ್ದರಿಂದ ಎರಡು-ಮೂರನ್ನು ಬೇರೆ ಬೇರೆ ಕಡೆ ಅಡಗಿಸಿಡಿ ಎಂಬ ಸಲಹೆಯೂ ನಿಮ್ಮ ಕಿವಿಗೆ ಬೀಳಬಹುದು. 2005ರ ಕತ್ರಿನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್‌ನಲ್ಲಿ ಹಾಗೆ ನಡೆದದ್ದು ನಿಜ. ಅದರ ಫಲವಾಗಿಯೇ 2006ರಲ್ಲಿ ಅಮೆರಿಕದ ಸಂಸತ್ತು ಅಂಥ ವಶಪಡಿಕೆಯನ್ನು ನಿರ್ಬಂಧಿಸುವ ಕಾನೂನು ಮಾಡಿತು. ಅಡಗಿಸಿಟ್ಟ ಬಂದೂಕು ಮೊದಲು ಸಿಗುವುದು ಮನೆಯ ಮಗುವಿಗೆ.

ಬೀಗದ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. ಬಂದೂಕು ಖಾಲಿಯಾಗಿ, ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಕಪಾಟಿನಲ್ಲಿ ಬೀಗದೊಳಗೆ ಇರಬೇಕು. ತೋಟಾ ಬೇರೆಯಾಗಿ, ಬೇರೆ ಬೀಗದೊಳಗೆ ಇರಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವುದೂ ಇದನ್ನೇ. ತುರ್ತಿನಲ್ಲಿ ಇದರಿಂದ ಅರ್ಧ ನಿಮಿಷ ತಡವಾಗುತ್ತದೆ ಎಂದು ಎಆರ್-15 ಇರುವ ಗೆಳೆಯರು ವಾದಿಸುತ್ತಾರೆ, ಆ ಮಾತು ಸುಳ್ಳಲ್ಲ. ಆದರೆ ಇಲ್ಲಿನ ಅಂಕಿ-ಅಂಶಗಳನ್ನು ನೋಡಿ: 2022ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತ ಸುಮಾರು 48,000 ಮಂದಿಯಲ್ಲಿ ಸುಮಾರು 27,000 ಮಂದಿ ಆತ್ಮಹತ್ಯೆ ಮಾಡಿಕೊಂಡವರು. 2020ರಿಂದ ಈಚೆಗೆ ಒಂದರಿಂದ ಹತ್ತೊಂಬತ್ತರ ವಯಸ್ಸಿನವರ ಸಾವಿಗೆ ಬಂದೂಕೇ ಮೊದಲ ಕಾರಣವಾಗಿದೆ. ನಿಮ್ಮ ಹದಿಮೂರರ ಮಗು ಇನ್ನೈದು ವರ್ಷ ಶಾಲೆ, ಅಂಕ, ಗೆಳೆತನಗಳ ಏರುಪೇರಿನಲ್ಲಿ ಹಾಯಬೇಕು. ಒಂದು ಕೆಟ್ಟ ಸಂಜೆಗೂ ಬಂದೂಕಿಗೂ ನಡುವೆ ಎರಡು ಬೀಗಗಳಿರಬೇಕು. ಮನೆಯಲ್ಲಿ ದೊಡ್ಡವರಾಗಲಿ ಚಿಕ್ಕವರಾಗಲಿ ಮನಸ್ಸು ಕುಸಿದಿರುವ ದಿನಗಳಲ್ಲಿ ಬಂದೂಕನ್ನು ಮನೆಯಿಂದಲೇ ಹೊರಗಿಡಿ, ನಂಬಿಕಸ್ಥ ಅಂಗಡಿಗಳಲ್ಲಿ ಕೆಲವು ಅದನ್ನು ಇರಿಸಿಕೊಳ್ಳುತ್ತವೆ. ಆತ್ಮಹತ್ಯೆ ತಡೆಯುವ ಸಹಾಯವಾಣಿಯಾದ 988 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಟೆಕ್ಸಸ್ ಕಾನೂನು ಕೂಡ 17 ವರ್ಷಕ್ಕಿಂತ ಕಿರಿಯರ ಕೈಗೆ ತುಂಬಿದ ಬಂದೂಕು ಸಿಗುವಂತೆ ಅಜಾಗರೂಕತೆಯಿಂದ ಬಿಟ್ಟವರನ್ನು ಅಪರಾಧಿಗಳೆಂದೇ ಕಾಣುತ್ತದೆ. ಚಿಕ್ಕ ಮಗುವಿಗೆ ಕಲಿಸಬೇಕಾದದ್ದು ಇಷ್ಟೇ: ಎಲ್ಲಿಯಾದರೂ ಬಂದೂಕು ಕಂಡರೆ ನಿಲ್ಲಬೇಕು, ಮುಟ್ಟಬಾರದು, ಅಲ್ಲಿಂದ ಓಡಬೇಕು, ದೊಡ್ಡವರಿಗೆ ಹೇಳಬೇಕು. ಮಕ್ಕಳು ಆಡಲು ಹೋಗುವ ಮನೆಯವರನ್ನು ಅವರ ಬಂದೂಕು ಬೀಗದಲ್ಲಿದೆಯೇ ಎಂದು ಕೇಳಲು ಸಂಕೋಚ ಬೇಡ, ಟೆಕ್ಸಸ್‌ನಲ್ಲಿ ಅದು ಅಸಭ್ಯತೆಯಲ್ಲ.

ಹಣದ ಲೆಕ್ಕ ಹೀಗೆ ಬರುತ್ತದೆ. ಬಂದೂಕಿಗೆ ಮಾರಾಟ ತೆರಿಗೆ ಸೇರಿ 350, ತೋಟಾಕ್ಕೆ 150, ಉಕ್ಕಿನ ಕಪಾಟಿಗೂ ತೋಟಾ ಪೆಟ್ಟಿಗೆಯ ಬೀಗಕ್ಕೂ 175, ಇಬ್ಬರ ಪ್ರಾಥಮಿಕ ಶಾಟ್‌ಗನ್ ತರಗತಿಗೆ 200, ಕಿವಿ-ಕಣ್ಣಿನ ರಕ್ಷಣೆಗೆ 50. ಉಳಿದ 275 ಡಾಲರನ್ನು ಬಂದೂಕಿನ ಕಡೆಗೆ ತಿರುಗಿಸಬೇಡಿ. 2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಟೆಕ್ಸಸ್ ಸರ್ಕಾರ ಲೆಕ್ಕ ಹಾಕಿದ 246 ಸಾವುಗಳಲ್ಲಿ ಮೂರರಲ್ಲಿ ಎರಡು ಪಾಲು ಚಳಿಯಿಂದಾದವು. ಮನೆಯೊಳಗೆ ಇದ್ದಿಲು ಉರಿಸಿ, ಗ್ಯಾರೇಜಿನಲ್ಲಿ ಕಾರು-ಜನರೇಟರ್ ಓಡಿಸಿ, ಕಾರ್ಬನ್ ಮಾನಾಕ್ಸೈಡಿನಿಂದ ಸತ್ತ ಕುಟುಂಬಗಳೂ ಇದ್ದವು. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಎರಡು, ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಎರಡು ವಾರದ ನೀರು, ತಂದೆ-ತಾಯಿಯ ಔಷಧಿಯ ಹೆಚ್ಚುವರಿ ದಾಸ್ತಾನು, ಹವಾಮಾನ ರೇಡಿಯೋ, ಒಳ್ಳೆಯ ಟಾರ್ಚು, ಇವೆಲ್ಲ ಆ ಹಣದಲ್ಲಿ ಬರುತ್ತವೆ. ಕತ್ತಲಲ್ಲಿ ಓಡಾಡುವವರು ಯಾರೆಂದು ಗುರುತಿಸಲು ಮೊದಲು ಬೇಕಾಗುವುದೂ ಆ ಟಾರ್ಚೇ. ಅದನ್ನು ಬಂದೂಕಿಗೆ ಕಟ್ಟದೆ ಕೈಯಲ್ಲೇ ಹಿಡಿಯಿರಿ. ನೋಡಬೇಕೆಂದಾಗಲೆಲ್ಲ ನಳಿಗೆ ಎತ್ತಿ ತೋರಿಸುವ ಪ್ರಮೇಯ ಆಗ ಬರುವುದಿಲ್ಲ.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯ ಉಳಿದಿದೆ. ರೇಂಜಿಗೆ ಒಯ್ಯುವ ಚೀಲವನ್ನು ಎಂದಿಗೂ ಪ್ರಯಾಣದ ಚೀಲವಾಗಿ ಬಳಸಬೇಡಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಒಂದೇ ಒಂದು ಜೀವಂತ ತೋಟಾ ಹೊಂದಿದ್ದರೂ ಅಪರಾಧ. ವಿಮಾನ ನಿಲ್ದಾಣಗಳ ಎಕ್ಸ್-ರೇಯಲ್ಲಿ ಚೀಲದ ಒಳಪದರದಲ್ಲಿ ಮರೆತ ತೋಟಾ ಕಂಡು ಅನಿವಾಸಿಯರ ಮೇಲೆ ಎಫ್‌ಐಆರ್ ದಾಖಲಾದ ಪ್ರಕರಣಗಳು ಮತ್ತೆ ಮತ್ತೆ ನಡೆದಿವೆ. ತಿಳಿದೂ ಇಟ್ಟುಕೊಂಡದ್ದಲ್ಲ ಎಂಬ ಕಾರಣಕ್ಕೆ ಹೈಕೋರ್ಟ್‌ಗಳು ಅಂಥ ಹಲವು ಪ್ರಕರಣಗಳನ್ನು ರದ್ದುಪಡಿಸಿವೆ, ಆದರೆ ಅಷ್ಟರಲ್ಲಿ ರಜೆ, ಹಣ, ಕೆಲವೊಮ್ಮೆ ಕೆಲಸವೇ ಹೋಗಿರುತ್ತದೆ. ಶಾಟ್‌ಗನ್ ತೋಟಾ ದಪ್ಪವಾದ್ದರಿಂದ ಕಣ್ತಪ್ಪುವುದು ಕಡಿಮೆ, ಆದರೂ ಅಭ್ಯಾಸದ ದಿನ ತೊಟ್ಟ ಜಾಕೆಟ್ಟಿನ ಜೇಬುಗಳನ್ನೂ ಚೀಲದ ಪಕ್ಕದ ಅರೆಗಳನ್ನೂ ಮನೆಗೆ ಬಂದ ಕೂಡಲೇ ಹೊರಮಗುಚಿ ನೋಡಿ, ಉಳಿದ ತೋಟಾಗಳನ್ನು ಎಣಿಸಿ ಡಬ್ಬಿಗೆ ಹಾಕಿ ಬೀಗ ಹಾಕಿ. ಊರಿಗೆ ಹೊರಡುವಾಗ ಮಕ್ಕಳು ಯಾವ ಚೀಲ ಎತ್ತಿಕೊಂಡರು ಎಂಬುದನ್ನೂ ಒಮ್ಮೆ ನೋಡಿಕೊಳ್ಳಿ.